ಯೂರೋಪ್ ಪ್ರವಾಸ: ಇಳಿಯುವ ವಿಮಾನ ನಿಲ್ದಾಣದ ಆಯ್ಕೆ ಮತ್ತು ವೀಸಾ ಅರ್ಜಿ

ಯೂರೋಪಿಗೆ ರಜಾ ಪ್ರವಾಸ ಕೈಗೊಳ್ಳುವ ಸಾರ್ವಜನಿಕರು ಕೇವಲ ಟಿಕೆಟ್ ದರವನ್ನು ನೋಡಿ ಇಳಿಯುವ ವಿಮಾನ ನಿಲ್ದಾಣವನ್ನು ನಿರ್ಧರಿಸುವುದುಂಟು. ಈ ಆಯ್ಕೆಗೂ ವೀಸಾ ಅರ್ಜಿಗೂ ಸಂಬಂಧವಿರುವುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಷೆಂಗೆನ್ ವಲಯದ 29 ದೇಶಗಳಿಗೆ ಒಂದೇ ವೀಸಾ ಸಾಕು. ಆದರೆ ಸದರಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕಾದುದು ಹೆಚ್ಚು ದಿನ ತಂಗುವ ದೇಶಕ್ಕೇ ಹೊರತು, ಮೊದಲು ಇಳಿಯುವ ದೇಶಕ್ಕಲ್ಲ. ಫ್ರಾನ್ಸ್‌ನಲ್ಲಿ 3 ದಿನ, ಇಟಲಿಯಲ್ಲಿ 6 ದಿನ ಇರುವವರು ಪ್ಯಾರಿಸ್‌ನಲ್ಲಿ ಇಳಿದರೂ ಇಟಲಿಗೇ ಅರ್ಜಿ ಸಲ್ಲಿಸಬೇಕು. ಎರಡೂ ಕಡೆ ತಲಾ 4 ದಿನವಾದಲ್ಲಿ ಮಾತ್ರ ಮೊದಲು ಪ್ರವೇಶಿಸುವ ದೇಶವನ್ನು ಪರಿಗಣಿಸಲಾಗುತ್ತದೆ. ತಪ್ಪಾದ ದೇಶಕ್ಕೆ ಸಲ್ಲಿಸಿದ ಅರ್ಜಿಯು ಪರಿಶೀಲನೆಗೊಳ್ಳದೆ ಹಿಂತಿರುಗಬಹುದು. ಅಷ್ಟರಲ್ಲಿ ಪ್ರಯಾಣದ ದಿನಾಂಕ ಸಮೀಪಿಸಿರುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ರೋಮ್ ತಲುಪುವವರಿಗೆ ಪಾಸ್‌ಪೋರ್ಟ್ ತಪಾಸಣೆಯು ಫ್ರಾಂಕ್‌ಫರ್ಟ್‌ನಲ್ಲಿಯೇ ನಡೆಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ವ್ಯವಸ್ಥೆಯಡಿ ಪ್ರವೇಶ ವಿವರಗಳನ್ನು ಗಣಕದಲ್ಲಿ ದಾಖಲಿಸಲಾಗುತ್ತದೆ. ಎರಡು ವಿಮಾನಗಳ ನಡುವೆ ಒಂದೇ ಗಂಟೆ ಇರುವ ಟಿಕೆಟ್ ಅಗ್ಗವಾದರೂ ಕುಟುಂಬ ಸಮೇತ ಹೋಗುವವರಿಗೆ ಸೂಕ್ತವಲ್ಲ.

ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಮರಳುವ ಟಿಕೆಟ್ ಕೊಂಚ ದುಬಾರಿ ಎನಿಸಬಹುದು. ಆದರೆ ಪ್ಯಾರಿಸ್‌ಗೆ ಹಿಂತಿರುಗುವ ವೆಚ್ಚ ಹಾಗೂ ಒಂದು ದಿನದ ವಸತಿ ಬಾಡಿಗೆಯನ್ನು ಕೂಡಿಸಿ ನೋಡಿದಲ್ಲಿ ಅದೇ ಲಾಭಕರವಾಗುವುದುಂಟು. ನಿಲ್ದಾಣದ ಹೆಸರಿನಲ್ಲಿ ಊರಿನ ಹೆಸರಿದೆಯೆಂದು ನಂಬತಕ್ಕದ್ದಲ್ಲ: ಷಾರ್ಲ್ ದ ಗಾಲ್ ನಿಲ್ದಾಣವು ಪ್ಯಾರಿಸ್‌ನಿಂದ ಸುಮಾರು 25 ಕಿ.ಮೀ. ದೂರದಲ್ಲಿದ್ದರೆ, ಅಗ್ಗದ ವಿಮಾನಗಳು ಇಳಿಯುವ ಬೋವೆ ಸುಮಾರು 85 ಕಿ.ಮೀ. ದೂರದಲ್ಲಿದೆ.