ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಉಳಿಯುವುದಿಲ್ಲವೇ?

‘ಡ್ಯಾಂನಲ್ಲಿ ಕರೆಂಟ್ ತೆಗೆದ ಮೇಲೆ ಬಿಡುವ ನೀರಿನಲ್ಲಿ ಸತ್ವ ಇರುವುದಿಲ್ಲ, ಅದನ್ನು ಹಾಯಿಸಿದರೆ ಬೆಳೆ ಬರುವುದಿಲ್ಲ.’ ಮೊಸರು ಕಡೆದು ಬೆಣ್ಣೆ ತೆಗೆದ ಹಾಗೆ ಎಂಬ ಹೋಲಿಕೆಯೂ ಇದರ ಜೊತೆಗಿರುತ್ತದೆ. ಈ ಮಾತು ವಾಟ್ಸಾಪ್‌ಗಿಂತ ಹಳೆಯದು. ಕೇಳಲು ಸರಿ ಅನಿಸುತ್ತದೆ, ಆದರೆ ಸುಳ್ಳು.

ಭಾಲ್ಕಿಯ ಕಬ್ಬಿನ ಹೊಲದ ಬೋರ್‌ವೆಲ್ ನೋಡಿ. ಮೋಟಾರಿಗೆ ಕರೆಂಟ್ ಕೊಡುತ್ತೇವೆ, ನೀರು ಮೇಲೆ ಬರುತ್ತದೆ. ಆ ನೀರಿಗೆ ಕರೆಂಟ್ ಸೇರಿಕೊಂಡಿದೆ ಎಂದು ಯಾರೂ ಹೇಳುವುದಿಲ್ಲ. ಜಲವಿದ್ಯುತ್ ಇದರ ಉಲ್ಟಾ ಕೆಲಸ, ಅಷ್ಟೇ. ಮೋಟಾರು ಕರೆಂಟ್ ತಿಂದು ನೀರು ಎತ್ತುತ್ತದೆ. ಅಲ್ಲಿ ನೀರು ಇಳಿಯುತ್ತಾ ಕರೆಂಟ್ ಕೊಡುತ್ತದೆ.

ಎತ್ತರದಲ್ಲಿ ನಿಂತ ನೀರಿಗೆ ಆ ಎತ್ತರದಿಂದಲೇ ಬಂದ ಶಕ್ತಿ ಇರುತ್ತದೆ. ಕೊಳವೆಯಲ್ಲಿ ಇಳಿಯುವಾಗ ಅದು ಒತ್ತಡ, ವೇಗವಾಗಿ ಬದಲಾಗುತ್ತದೆ. ನೀರು ಬಡಿದಾಗ ಟರ್ಬೈನಿನ ಚಕ್ರ ತಿರುಗುತ್ತದೆ, ಅದರ ಜೊತೆ ಜನರೇಟರಿನ ಆಯಸ್ಕಾಂತವೂ ತಿರುಗುತ್ತದೆ. ಕರೆಂಟ್ ಹುಟ್ಟುವುದು ಆ ಆಯಸ್ಕಾಂತದ ಸುತ್ತಲಿನ ತಾಮ್ರದ ಸುರುಳಿಗಳಲ್ಲಿ. ಅವುಗಳನ್ನು ಈ ನೀರು ಮುಟ್ಟುವುದೇ ಇಲ್ಲ. ಹೀಗಾಗಿ ನೀರು ಕಳೆದುಕೊಳ್ಳುವುದು ಎತ್ತರವನ್ನು ಮಾತ್ರ. ಬೆಳೆಗೆ ಬೇಕಾದ ಲವಣಗಳು ಹೇಗಿದ್ದವೋ ಹಾಗೇ ಇರುತ್ತವೆ.

ಲೆಕ್ಕ ಹಾಕಿದರೆ, 4,000 ಲೀಟರ್ ನೀರು 100 ಮೀಟರ್ ಇಳಿದರೆ ಸುಮಾರು 1 ಯೂನಿಟ್ ವಿದ್ಯುತ್ ಸಿಗುತ್ತದೆ. ಟರ್ಬೈನ್ ಇಲ್ಲದೆ ಅದೇ ನೀರು ಜಲಪಾತವಾಗಿ ಬಿದ್ದರೂ ಶಕ್ತಿ ಅದರಲ್ಲೇನೂ ಉಳಿಯುವುದಿಲ್ಲ. ಸದ್ದಾಗಿ, ಸುಳಿಯಾಗಿ, ಕೊನೆಗೆ ಬಿಸಿಯಾಗಿ ಕರಗುತ್ತದೆ. ನೀರು ಬಿಸಿಯಾಗುವುದು ಹೆಚ್ಚೆಂದರೆ ಕಾಲು ಡಿಗ್ರಿ ಸೆಲ್ಸಿಯಸ್! ನಮ್ಮ ಹೊಲಕ್ಕೆ ಬರಬೇಕಾಗಿದ್ದ ಸತ್ವವನ್ನು ಯಾರೋ ಕದ್ದರು ಎನ್ನಲು ಅಲ್ಲಿ ಏನೂ ಇರುವುದಿಲ್ಲ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಭಾಲ್ಕಿ, ಔರಾದ್ ಕಡೆಯಿಂದ ಹರಿಯುವ ನಮ್ಮ ಮಾಂಜ್ರಾ ನದಿ ಬೀದರ್ ಜಿಲ್ಲೆ ದಾಟಿ ತೆಲಂಗಾಣದ ಸಿಂಗೂರು ಜಲಾಶಯ ಸೇರುತ್ತದೆ. ಅಲ್ಲಿ 15 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವಿದೆ. ಅದನ್ನು ದಾಟಿದ ನೀರು ಕೆಳಗಿನ ನಿಜಾಂಸಾಗರದಲ್ಲಿ ನಿಲ್ಲುತ್ತದೆ, ಅಲ್ಲಿಯೂ 10 ಮೆಗಾವಾಟಿನ ಕೇಂದ್ರವಿದೆ. ಸತ್ವ ಒಮ್ಮೆ ಹೋಗಿದ್ದರೆ ಎರಡನೇ ಸಲ ಚಕ್ರ ತಿರುಗುವುದು ಹೇಗೆ? ಆಮೇಲೂ ಅದೇ ನಿಜಾಂಸಾಗರದ ಕಾಲುವೆಗಳ ಕೆಳಗೆ ಭತ್ತ ಬೆಳೆಯುತ್ತದೆ. ಇನ್ನು ಕಾವೇರಿಯಂತೂ 1902ರಿಂದ ಶಿವನಸಮುದ್ರದಲ್ಲಿ ಕರೆಂಟ್ ಕೊಟ್ಟು ತಮಿಳುನಾಡಿನ ಗದ್ದೆಗಳಿಗೆ ಹೋಗುತ್ತಿದೆ.

ಈ ಸುಳ್ಳಿನ ಹಿಂದೆ ಒಂದು ಸಣ್ಣ ನಿಜವೂ ಇರಬಹುದು. ಜಲಾಶಯದಲ್ಲಿ ನೀರು ನಿಂತಾಗ ಹೊಳೆ ತಂದ ಫಲವತ್ತಾದ ಹೂಳು ತಳಕ್ಕೆ ಕೂರುತ್ತದೆ, ಕೆಳಗೆ ಹೋಗುವ ನೀರು ತಿಳಿಯಾಗಿರುತ್ತದೆ. ಆದರೆ ಹೂಳನ್ನು ತಡೆಯುವುದು ಅಣೆಕಟ್ಟಿನ ಗೋಡೆ, ಟರ್ಬೈನ್ ಅಲ್ಲ. ಕರೆಂಟ್ ತೆಗೆಯದ ಡ್ಯಾಂನಲ್ಲೂ ಇದು ಹೀಗೇ ಆಗುತ್ತದೆ. ನಿಮ್ಮ ಹೊಲದ ನೀರಿನ ಮೇಲೆ ಅನುಮಾನವಿದ್ದರೆ ಲವಣಾಂಶ ಪರೀಕ್ಷೆ ಮಾಡಿಸಿ. ಉಪ್ಪು ಹೆಚ್ಚಾದ ಬೋರ್‌ವೆಲ್ ನೀರು ಬೆಳೆಯನ್ನು ನಿಜವಾಗಿಯೂ ಕೆಡಿಸುತ್ತದೆ.