ಲಕ್ವವೋ, ಫಿಟ್ಸೋ?

ಫಿಟ್ಸ್ ನಿಂತ ಮೇಲೂ ಕೆಲವರಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗಿರುತ್ತದೆ, ಮಾತು ತೊದಲುತ್ತದೆ. ನೋಡಿದವರು ಲಕ್ವ ಹೊಡೆದಿದೆ ಎನ್ನುತ್ತಾರೆ. ಆದರೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ, ಶಕ್ತಿ ತಾನಾಗಿಯೇ ಮರಳುತ್ತದೆ. ಐರಿಷ್ ಮೂಲದ ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ ಲಂಡನ್ನಿನಲ್ಲಿ 1849ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ವಿವರಿಸಿದ. ಸೆಳವಿನಿಂದ ಮಿದುಳು ದಣಿದಿದೆ ಎಂಬುದು ಅವನ ಊಹೆ. ಈ ಸ್ಥಿತಿಗೆ ಇಂದಿಗೂ ಅವನದೇ ಹೆಸರು.

ಆಗ ಕಾದು ನೋಡಿದರೆ ಸಾಕಿತ್ತು. ಲಕ್ವವೆಂದು ಖಚಿತವಾದರೂ ಮಾಡುವುದೇನೂ ಇರಲಿಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿತು. ಮಿದುಳಿನ ರಕ್ತಸ್ರಾವ ಅದರಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವ ಮಾತ್ರ ಮೊದಲ ಗಂಟೆಗಳಲ್ಲಿ ಅನೇಕ ಸಲ ಕಾಣುವುದೇ ಇಲ್ಲ.

1995ರಲ್ಲಿ ಪರಿಸ್ಥಿತಿ ಬದಲಾಯಿತು. ಹೆಪ್ಪು ಕರಗಿಸುವ ಟಿಪಿಎ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಲಾಭವಿದೆಯೆಂದು ಅಮೆರಿಕದ ಪ್ರಯೋಗವೊಂದು ತೋರಿಸಿತು. ದೌರ್ಬಲ್ಯ ಫಿಟ್ಸಿನದೇ ಇರಬಹುದೆಂದು, ಆರಂಭದಲ್ಲೇ ಫಿಟ್ಸ್ ಬಂದವರನ್ನು ಆ ಪ್ರಯೋಗದಿಂದ ಹೊರಗಿಟ್ಟಿದ್ದರು. ಆದರೆ ಲಕ್ವವೇ ಫಿಟ್ಸ್ ತರುವುದೂ ಉಂಟು. ಅಂಥವರ ಪಾಲಿಗೆ ಈ ಎಚ್ಚರಿಕೆಯೇ ಮುಳುವಾಗುವಂತಿತ್ತು.

ಎಂ.ಆರ್.ಐ.ನ ಡಿಫ್ಯೂಷನ್ ಚಿತ್ರ ನೆರವಿಗೆ ಬಂತು. 1990ರಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳಲ್ಲಿ ಲಕ್ವದ ಹಾನಿಯನ್ನು ಅದರಿಂದ ಬೇಗನೆ ಗುರುತಿಸಿದರು. ತೊಡಕೆಂದರೆ, ದೀರ್ಘ ಸೆಳವಿನ ನಂತರವೂ ಮಿದುಳಿನ ಹೊರಪದರ ಅದರಲ್ಲಿ ಲಕ್ವದಂತೆಯೇ ಬೆಳ್ಳಗಾಗಬಹುದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಪರ್ಫ್ಯೂಷನ್ ಸ್ಕ್ಯಾನ್. ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು, ಅದು ಮಿದುಳಿನಲ್ಲಿ ಹರಿಯುವುದನ್ನು ಕ್ಷಣಕ್ಷಣವೂ ಸೆರೆಹಿಡಿಯುತ್ತಾರೆ. ಲಕ್ವದಲ್ಲಿ ರಕ್ತ ಕಡಿಮೆಯಾದ ಜಾಗ ಒಂದು ಧಮನಿಯ ಎಲ್ಲೆಗೆ ಹೊಂದುತ್ತದೆ: ಕಾಲುವೆ ಕಟ್ಟಿಕೊಂಡರೆ ಅದರ ಕೆಳಗಿನ ಗದ್ದೆಗಳಷ್ಟೇ ಒಣಗಿದಂತೆ. ಸೆಳವಿನ ವಿದ್ಯುತ್ತಿಗೆ ಆ ಎಲ್ಲೆಯ ಹಂಗಿಲ್ಲ. ಅದು ಹೊರಪದರದ ಗುಂಟ ಧಮನಿಗಳ ಗಡಿ ದಾಟಿ ಹಬ್ಬುತ್ತದೆ. ಸೆಳವು ನಡೆಯುತ್ತಿರುವಾಗ ಅಲ್ಲಿ ರಕ್ತದ ಹರಿವು ಏರುತ್ತದೆ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಇದನ್ನು 1930ರ ದಶಕದಲ್ಲೇ, ತೆರೆದ ತಲೆಬುರುಡೆಯೊಳಗೆ ಕಣ್ಣಾರೆ ಕಂಡಿದ್ದ. ಸೆಳವು ನಿಂತ ಮೇಲೆ ಹರಿವು ಇಳಿಯಲೂಬಹುದು, ಆಗ ಚಿತ್ರ ಲಕ್ವದಂತೆಯೇ ಕಂಡೀತು. ಅದಕ್ಕೇ ಧಮನಿ ಎಲ್ಲಾದರೂ ಕಟ್ಟಿದೆಯೇ ಎಂದು ಆಂಜಿಯೋಗ್ರಾಮ್ ನೋಡುತ್ತಾರೆ, ಅನುಮಾನ ಉಳಿದರೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇ.ಇ.ಜಿ. ಮಾಡುತ್ತಾರೆ.

ಉಳಿದ ದೌರ್ಬಲ್ಯ ಲಕ್ವದ್ದೇ ಎಂಬುದಕ್ಕೆ ಆಧಾರವಿದ್ದರೆ, ಆರಂಭದ ಫಿಟ್ಸ್ ಒಂದೇ ಕಾರಣಕ್ಕೆ ಟಿಪಿಎ ತಡೆಯಬೇಕಿಲ್ಲ ಎಂಬ ನಿಲುವು ಅಮೆರಿಕದ 2018ರ ಮಾರ್ಗಸೂಚಿಯಲ್ಲಿದೆ.