ಗಲ್ಲಾದ ಹಿಂದಿನ ಕುರ್ಚಿ

ತುಂಗಭದ್ರೆಯ ದಂಡೆಯಲ್ಲಿರುವ ರಾಜೋಳಿಗೆ ನಾವು ಹೋದದ್ದು ಧಾರಾವಾಹಿ ನೋಡಲಿಕ್ಕಲ್ಲ. ರಾಯಚೂರಿನ ಕಡೆ ಸೇವೆಯಲ್ಲಿದ್ದಾಗ ಪರಿಚಯವಾದ ನೇಕಾರ ಕುಟುಂಬವೊಂದು ಆ ಊರಿನಲ್ಲಿದೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು. ಗದ್ವಾಲ ಸೀರೆ ಎಂದು ನಮ್ಮ ತಾಯಂದಿರು ಮದುವೆ ಮನೆಗೆ ಉಟ್ಟು ಹೋಗುವ ಸೀರೆಗಳಿವೆಯಲ್ಲ, ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಅವನ್ನು ನೇಯುವ ಊರುಗಳಲ್ಲಿ ರಾಜೋಳಿಯೂ ಒಂದು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಬಂದ ನೆರೆ ಈ ಊರನ್ನೇ ಮುಳುಗಿಸಿತ್ತು. ಈ ಮನೆಯ ಮಗ್ಗ, ನೂಲು ಎಲ್ಲವೂ ನೀರು ಪಾಲಾದವು. ಮತ್ತೆ ಸಾಲ ಮಾಡಿ ಮಗ್ಗ ಹೂಡಿದರು. ಆದರೆ ಮಗಳನ್ನು ಮಗ್ಗಕ್ಕೆ ಕೂರಿಸುವ ಮನಸ್ಸು ತಾಯಿಗೆ ಬರಲಿಲ್ಲ. ಮಗಳು ಈಗ ಹೊಳೆಯಾಚೆಯ ಕರ್ನೂಲಿನಲ್ಲಿ ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಹಾಕುತ್ತಾಳೆ.

ನಾವು ಹೋದ ದಿನ ಅವಳೂ ಎರಡು ದಿನದ ರಜೆಯ ಮೇಲೆ ಬಂದಿದ್ದಳು. ಕೆಲಸ ಹೇಗಿದೆ ಎಂದು ಕೇಳಿದರೆ "ಚಲೋ ಐತ್ರೀ ಫಾದರ್" ಎಂದಳೇ ಹೊರತು ಬೇರೆ ಮಾತಿಲ್ಲ. ಆಗ ನಮ್ಮ ಲ್ಯಾಪ್‌ಟಾಪ್ ಚೀಲದಲ್ಲಿದ್ದ ಡಿ.ವಿ.ಡಿ. ನೆನಪಾಯಿತು. ಇಂಗ್ಲೆಂಡಿನಲ್ಲಿ ನೆಲೆಸಿರುವ ಪರಿಚಿತ ಕುಟುಂಬವೊಂದು ರಜೆಗೆ ಬಂದಾಗ "ನಕ್ಕು ಹಗುರಾಗಿ ಫಾದರ್" ಎಂದು ಕೊಟ್ಟು ಹೋಗಿತ್ತು. ಅಂಗಡಿಯಲ್ಲಿ ದುಡಿಯುವವರ ಕಥೆಯನ್ನು ಅಂಗಡಿಯಲ್ಲಿ ದುಡಿಯುವವಳಿಗೇ ತೋರಿಸೋಣ ಎಂದುಕೊಂಡೆವು.

ಆ ಹಾಸ್ಯ ಧಾರಾವಾಹಿಯ ಹೆಸರು 'ಟ್ರಾಲೀಡ್'. ಬ್ರಿಟನ್ನಿನ ಸ್ಕೈ 1 ವಾಹಿನಿಯಲ್ಲಿ 2011ರ ಆಗಸ್ಟ್‌ನಲ್ಲಿ ಆರಂಭವಾಗಿ, ಏಳು ಸರಣಿಗಳನ್ನು ಕಂಡು 2018ರಲ್ಲಿ ಮುಗಿಯಿತು. ವಾಲ್ಕೋ ಎಂಬ ಕಲ್ಪಿತ ಸೂಪರ್‌ಮಾರ್ಕೆಟ್‌ ಅದರ ಲೋಕ. ಬ್ರಿಸ್ಟಲ್ ನಗರದ ಸ್ಟುಡಿಯೋ ಒಂದರಲ್ಲಿ ಕಪಾಟು, ಸಾಮಾನು ಸಮೇತ ಇಡೀ ಅಂಗಡಿಯನ್ನೇ ಕಟ್ಟಿ ಚಿತ್ರೀಕರಿಸಿದರು. ಆ ಅಂಗಡಿಯ ಘೋಷವಾಕ್ಯದಲ್ಲೇ ಒಂದು ಚೇಷ್ಟೆಯಿದೆ. ಇಂಗ್ಲಿಷಿನ ಅದೇ ಮಾತಿಗೆ 'ನಿಮಗೆ ಸರಿಯಾದ ಸೇವೆ' ಎಂದೂ ಅರ್ಥ, 'ನಿಮಗೆ ತಕ್ಕ ಶಾಸ್ತಿಯಾಯಿತು' ಎಂದೂ ಅರ್ಥ!

ಜೇನ್ ಹೊರಾಕ್ಸ್ ಅಭಿನಯಿಸಿದ ಜೂಲಿ ಅಲ್ಲಿ ಉಪವ್ಯವಸ್ಥಾಪಕಿ. ಆದರೆ ಹಂಗಾಮಿ. ಆ 'ಹಂಗಾಮಿ' ಎಂಬ ಪದವನ್ನು ಕಿತ್ತು ಹಾಕಿಸಿಕೊಳ್ಳಲು ಅವಳು ಪಡುವ ಪಾಡು ಒಂದೆರಡಲ್ಲ. ಸರ್ಕಾರಿ ಕಛೇರಿಗಳಲ್ಲಿ, ಶಾಲೆಗಳಲ್ಲಿ ವರ್ಷಗಟ್ಟಲೆ ಹಂಗಾಮಿಯಾಗಿಯೇ ಉಳಿದವರನ್ನು ಕಂಡ ನಮಗೆ ನಗುವಿನ ಜೊತೆ ಬೇರೇನೋ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳ ಮೇಲಧಿಕಾರಿ ಗ್ಯಾವಿನ್ ಶಾಂತ ಸ್ವಭಾವದವನು. ಮಾಂಸದ ವಿಭಾಗದ ಕೀರನ್‌ಗೂ ಬಿಲ್ ಹಾಕುವ ಕೇಟಿಗೂ ಹೇಳಿಯೂ ಹೇಳದ ಪ್ರೀತಿ. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು ಇನ್ನೂ ಕೆಲಸಕ್ಕೆ ಬರುತ್ತಾಳೆ. ಇಷ್ಟೇ. ಕೊಲೆಯಿಲ್ಲ, ಅತ್ತೆ ಸೊಸೆಯರ ಕುತಂತ್ರವಿಲ್ಲ.

ನಮ್ಮಲ್ಲೂ ಕೆಲಸದ ಜಾಗವನ್ನು ಇಟ್ಟುಕೊಂಡು ನಗಿಸಿದವರಿದ್ದಾರೆ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಸಿಲ್ಲಿ ಲಲ್ಲಿ' ನೆನಪಿರಬೇಕಲ್ಲ? ಸಿಹಿಕಹಿ ಚಂದ್ರು ನಿರ್ಮಿಸಿ, ವಿಜಯಪ್ರಸಾದ್ ನಿರ್ದೇಶಿಸಿದ ಆ ಧಾರಾವಾಹಿಯಲ್ಲಿ ರವಿಶಂಕರ್ ಗೌಡರ ಡಾಕ್ಟರ್ ವಿಠಲರಾವ್ ಮಾತು ಶುರು ಮಾಡಿದರೆ ನಮ್ಮ ಸೆಮಿನರಿಯ ಊಟದ ಮನೆಯಲ್ಲಿ ತಟ್ಟೆಗಳು ಅಲ್ಲಲ್ಲೇ ನಿಲ್ಲುತ್ತಿದ್ದವು. ಆದರೆ ಅಲ್ಲಿ ಮನೆ ಎಲ್ಲಿ ಮುಗಿಯಿತು, ದವಾಖಾನೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ನಮ್ಮ ಹಾಸ್ಯಕ್ಕೆ ಮನೆಯ ಹೊಸ್ತಿಲು ದಾಟುವುದು ಅಷ್ಟು ಸುಲಭವಲ್ಲ. ಬ್ರಿಟಿಷರದು ಬೇರೆ. ಅಂಗಡಿಯನ್ನು ನೋಡಿ ನಗುವುದು ಅವರಿಗೆ ಹಳೆಯ ಅಭ್ಯಾಸ. 1972ರಿಂದ 1985ರವರೆಗೆ ಬಿ.ಬಿ.ಸಿ.ಯಲ್ಲಿ ಬಂದ 'ಆರ್ ಯು ಬೀಯಿಂಗ್ ಸರ್ವ್ಡ್?' ಒಂದು ಬಟ್ಟೆ ಮಳಿಗೆಯ ಕಥೆ. ಅದನ್ನು ಬರೆದವರಲ್ಲಿ ಒಬ್ಬರಾದ ಜೆರೆಮಿ ಲಾಯ್ಡ್ ಹಿಂದೆ ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವರೇ.

ರಾಜೋಳಿಗೆ ಬರೋಣ. ತಾಯಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಮಗಳು ನಮ್ಮ ಪಕ್ಕದಲ್ಲಿ ಚಾಪೆಯ ಮೇಲೆ. ಆ ಇಂಗ್ಲಿಷು ನಮಗೇ ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾದಷ್ಟನ್ನು ಹೇಳುತ್ತಾ ಹೋದೆವು. ನಾವು ನಕ್ಕಲ್ಲಿ ಅವಳು ನಗಲಿಲ್ಲ. ತುಸು ಹೊತ್ತಾದ ಮೇಲೆ ಬೆರಳು ತೋರಿಸಿ ಕೇಳಿದಳು:

"ಅಲ್ರೀ ಫಾದರ್, ಬಿಲ್ ಹಾಕೋರಿಗೆ ಅಲ್ಲಿ ಕುರ್ಚಿ ಕೊಟ್ಟಾರಲ್ಲ!"

ಹೌದಲ್ಲ! ಆ ಡಿ.ವಿ.ಡಿ.ಯನ್ನು ಅದಕ್ಕೆ ಮೊದಲು ಎರಡು ಸಲ ನೋಡಿದ್ದೆವು. ಕುರ್ಚಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಧಾರಾವಾಹಿಯವರೂ ಅದನ್ನು ತೋರಿಸಬೇಕೆಂದು ತೋರಿಸಿದ್ದಲ್ಲ. ಅಲ್ಲಿ ಗಲ್ಲಾದ ಹಿಂದೆ ಕೂತು ಕೆಲಸ ಮಾಡುವುದು ಗಾಳಿ ಬೆಳಕಿನಷ್ಟೇ ಸಹಜ. ಆಮೇಲೆ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ರಾತ್ರಿ ಎಂಟೂವರೆಯವರೆಗೂ ನಿಂತೇ ಇರಬೇಕು. ಊಟಕ್ಕೆ ಅರ್ಧ ಗಂಟೆ. ಗಿರಾಕಿ ಇಲ್ಲದಿದ್ದರೂ ಗೋಡೆಗೆ ಒರಗುವಂತಿಲ್ಲ, ಮೇಲೆ ಕ್ಯಾಮೆರಾ ಇದೆ. ತಿಂಗಳ ಆ ಮೂರು ದಿನ ಹೇಗೆ ಕಳೆಯುತ್ತದೆಂದು ತಾಯಿಗೆ ಹೇಳಿದ್ದಳಂತೆ, ನಮಗೆ ಹೇಳಲಿಲ್ಲ. ತಾಯಿ ಲಾಳಿ ನಿಲ್ಲಿಸಿ ಇಷ್ಟೇ ಅಂದರು: "ನಾ ಕುಂತು ಕುಂತು ಮೊಣಕಾಲು ಹಾಳು ಮಾಡ್ಕೊಂಡೆ, ಇಕಿ ನಿಂತು ನಿಂತು ಹಾಳು ಮಾಡ್ಕೊಳ್ಳಾಕತ್ತಾಳ. ಏನ್ ಮಾಡೋದ್ರೀ ಫಾದರ್?"

ಇಂಗ್ಲೆಂಡಿನ ಆ ಕುರ್ಚಿ ಎಲ್ಲಿಂದ ಬಂತೆಂದು ಹಿಂದಿರುಗಿದ ಮೇಲೆ ಪುಸ್ತಕಗಳಲ್ಲಿ ಹುಡುಕಿದೆವು. ಅಂಗಡಿ ಮಾಲೀಕರು ಒಂದು ದಿನ ಕರುಣೆ ತೋರಿ ಕೊಟ್ಟದ್ದೇನಲ್ಲ. 1899ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂಗಡಿ ಸಹಾಯಕಿಯರ ಆಸನಕ್ಕೆಂದೇ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಬೇಕಾಯಿತು. ಮೂವರು ಮಹಿಳಾ ಕೆಲಸಗಾರರಿಗೆ ಕನಿಷ್ಠ ಒಂದು ಆಸನ ಇರಲೇಬೇಕೆಂದು ಅದು ಹೇಳಿತು. ಮೂವರಿಗೆ ಒಂದು! ಮಾರ್ಗರೆಟ್ ಅಜ್ಜಿಯ ಅಜ್ಜಿಯಂಥವರು ಸರದಿಯ ಮೇಲೆ ಕೂತಿದ್ದಾರೆಂದಾಯಿತು.

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ನಿಂತು ದುಡಿಯುವವರಿಗೆ ಸಮಯ ಸಿಕ್ಕಾಗ ಕೂರುವ ವ್ಯವಸ್ಥೆ ಇರಬೇಕೆಂದಿತ್ತು. ಆದರೆ ಅಂಗಡಿ ಕಾರ್ಖಾನೆಯಲ್ಲವಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯಿದೆ. ಅಲ್ಲಿನ ಮಾರಾಟದ ಹೆಣ್ಣುಮಕ್ಕಳು ಪಿ. ವಿಜಿ ಎಂಬ ದರ್ಜಿ ಮಹಿಳೆಯ ಮುಂದಾಳತ್ವದಲ್ಲಿ ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೇಳಿದ್ದು ಕುರ್ಚಿ. ವರ್ಷಗಟ್ಟಲೆ ಕೇಳಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ ಕೂರುವ ಹಕ್ಕು ಕೊಟ್ಟಿತು. ಕಾಸರಗೋಡಿನ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೂ ಅದು ದಕ್ಕಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಚೆನ್ನೈನ ಬಟ್ಟೆ ಅಂಗಡಿಯ ಹುಡುಗ ಹುಡುಗಿಯರ ಬಾಳನ್ನು ವಸಂತಬಾಲನ್ ಎಂಬ ನಿರ್ದೇಶಕರು 2010ರಲ್ಲೇ 'ಅಂಗಾಡಿ ತೆರು' ಎಂಬ ತಮಿಳು ಚಿತ್ರದಲ್ಲಿ ತೋರಿಸಿದ್ದರು. ನೋಡಿದವರು ಅತ್ತರು. ಕಾನೂನು ಬರಲು ಇನ್ನೂ 11 ವರ್ಷ ಬೇಕಾಯಿತು.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ನಮ್ಮ ಧರ್ಮಕೇಂದ್ರಕ್ಕೆ ಸಾಮಾನು ತರುವ ಸೂಪರ್‌ಮಾರ್ಕೆಟ್‌ ಒಂದಿದೆ. ಭಾನುವಾರ ಪೂಜೆ ಮುಗಿಸಿ ನಮ್ಮ ಕುಟುಂಬಗಳು ಅಲ್ಲಿಗೇ ಹೋಗುವುದು. ಅದರ ವ್ಯವಸ್ಥಾಪಕರು ಒಳ್ಳೆಯ ಮನುಷ್ಯ, ಒಂದು ವಿಧದಲ್ಲಿ ನಮ್ಮೂರಿನ ಗ್ಯಾವಿನ್. ಬಿಲ್ ಹಾಕುವ ಹುಡುಗಿಯರಿಗೆ ಕುರ್ಚಿ ಯಾಕಿಲ್ಲ ಎಂದು ಕೇಳಿದೆವು.

"ನನ್ನದೇನೂ ಅಭ್ಯಂತರವಿಲ್ಲ ಫಾದರ್," ಎಂದರು ಅವರು. "ಕೂತಿದ್ದರೆ ಗಿರಾಕಿಗಳಿಗೆ ಅಗೌರವ ಅನ್ನಿಸುತ್ತದೆ. ಹಿಂದೆ ಒಬ್ಬಳು ಕೂತಿದ್ದಳು, ಗಿರಾಕಿಯೊಬ್ಬರು ದೂರು ಕೊಟ್ಟರು."

ಗಿರಾಕಿಗಳು ಎಂದರೆ ಯಾರು? ನಾವೇ ತಾನೆ? ಇದಕ್ಕೆ ಏನು ಹೇಳಬೇಕೆಂದು ತಿಳಿಯಲಿಲ್ಲ. ನಮಗೆ ಅಗೌರವವಾಗುವುದಿಲ್ಲ ಎಂದೆವು. ಹಾಗಾದರೆ ಬರೆದುಕೊಡಿ ಎಂದು ಅವರು ದೂರು ಪುಸ್ತಕವನ್ನು ಮುಂದಿಟ್ಟರು. ಅದರಲ್ಲಿ ಬಿಸ್ಕತ್ತು ಮೆತ್ತಗಿತ್ತು, ಎ.ಸಿ. ಸಾಲದು, ಹುಡುಗಿ ನಗುಮುಖದಿಂದ ಮಾತಾಡಲಿಲ್ಲ ಎಂಬ ದೂರುಗಳಿದ್ದವು. ಅವುಗಳ ಕೆಳಗೆ ನಾವೂ ಬರೆದೆವು. ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ತಾಯಂದಿರು ಓದಿ ನೋಡಿ ತಾವೂ ಸಹಿ ಹಾಕಿದರು. ಬಿಲ್ ಹಾಕುತ್ತಿದ್ದ ಹುಡುಗಿ ತಲೆಯೆತ್ತಲಿಲ್ಲ. ಕ್ಯಾಮೆರಾ ಇತ್ತಲ್ಲ.

ಮುಂದಿನ ತಿಂಗಳು ಹೋದಾಗ ಗಲ್ಲಾದ ಹಿಂದೆ ಹೊಸದೊಂದು ಪ್ಲಾಸ್ಟಿಕ್ ಸ್ಟೂಲ್ ಬಂದಿತ್ತು. ಅದರ ಮೇಲೆ ಕೈಚೀಲಗಳ ಕಟ್ಟು ಇಟ್ಟಿದ್ದರು. ನಮ್ಮನ್ನು ಕಂಡು ಹುಡುಗಿ ಆ ಕಟ್ಟನ್ನು ತೆಗೆದು ಕೆಳಗಿಟ್ಟಳು. ಕೂರಲಿಲ್ಲ. ಇಟ್ಟಳು, ಅಷ್ಟೇ. ಆಮೇಲೆ ಎಂದಿನಂತೆ ಮೊಬೈಲ್ ನಂಬರ್ ಕೇಳಿದಳು.